ರೇಡಿಯೋದ ಸೊಸೆ

ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು ಸೊಸೆ. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೇಳಿಬರುತ್ತಿದ್ದ ದನಿಯೂ ಅವಳದೇ. ಬೆಳಿಗ್ಗೆ ಕ್ಷೌರದಂಗಡಿಯ ರೇಡಿಯೋದಲ್ಲಿ ಅವಳು ಮಗನ ಹಲ್ಲು ಹುಳುಕಾಯಿತೆಂದು ಕೊರಗುವ ತಾಯಿ. ಮಧ್ಯಾಹ್ನ ಬೇಕರಿಯಲ್ಲಿ ಗಂಡನ ಅಂಗಿಯ ಕಾಲರು ಬೆಳ್ಳಗಾಯಿತೆಂದು ಹಿಗ್ಗುವ ಹೆಂಡತಿ. ಸಂಜೆ ಬಸ್ಸಿನಲ್ಲಿ ಸಿಮೆಂಟಿನ ಗಟ್ಟಿತನ ಕಂಡು ಬೆರಗಾಗುವ ಮನೆಯೊಡತಿ. ಜಾಹೀರಾತುಗಳಿಗೆ ದನಿ ಕೊಡುವುದು ಅವಳ ಕೆಲಸ. ದಿನಕ್ಕೆ ಮೂರು ನಾಲ್ಕು ಮನೆಯ ಸಂಸಾರ ಮಾಡಿ ಸ್ವಂತ ಮನೆಗೆ ಬರುವ ಹೊತ್ತಿಗೆ ಅವಳ ಬಾಯಿ ಒಣಗಿಹೋಗಿರುತ್ತಿತ್ತು. ಗಂಟಲು ಉಳಿಸಿಕೊಳ್ಳಬೇಕು ಎನ್ನುವುದು ನೆಪವೂ ಹೌದು, ನಿಜವೂ ಹೌದು.

ಮನೆಯ ಮುಂದಿನ ಕೋಣೆ ಬೀದಿಗೇ ತೆರೆದುಕೊಂಡಿತ್ತು. ಅಲ್ಲಿ ಮಾವನ ಹೊಲಿಗೆ ಅಂಗಡಿ. ಕಿಟಕಿಯ ಬೆಳಕಿಗೆ ಮೈಯೊಡ್ಡಿದ ಪೆಡಲ್ ಮಿಷನ್ನು, ಕತ್ತರಿಸುವ ಮೇಜು, ಗೋಡೆಗೆ ಶಾಲಾ ಸಮವಸ್ತ್ರಗಳ ಸಾಲು. ಮಾವನಿಗೆ ಅರವತ್ತೆಂಟು. ಬೀದಿಯವರೆಲ್ಲ ಅವರನ್ನು ಮಾಸ್ಟ್ರು ಎನ್ನುತ್ತಿದ್ದರು. ಮಗ ಲಿಫ್ಟ್ ಮೆಕ್ಯಾನಿಕ್ಕು. ನಿಮ್ಮಪ್ಪನಿಗೆ ಇನ್ನೂ ಯಾಕಪ್ಪ ಈ ದುಡಿಮೆ ಎಂದು ಯಾರಾದರೂ ಕೇಳಿದರೆ, ‘ಮಿಷನ್ ನಿಲ್ಲಿಸಿದ್ರೆ ಮನುಷ್ಯನೂ ನಿಲ್ತಾನೆ, ಹಂಗೇ ಓಡ್ತಿರ್ಲಿ ಬಿಡಿ’ ಎನ್ನುತ್ತಿದ್ದ. ಅದು ತಮಾಷೆಯ ಮಾತೇನಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಮುದುಕರನ್ನು ಬೆಳಿಗ್ಗೆ ಏಳಿಸುತ್ತಿದ್ದದ್ದು ಆ ಪೆಡಲ್ಲೇ.

ಮಾವನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆಗೊಂದು, ಸಂಜೆಗೊಂದು ಮಾತ್ರೆ. ಹದಿನಾಲ್ಕು ಪುಟ್ಟ ಮನೆಗಳಿದ್ದ ಒಂದು ಹಳೆಯ ಗುಂಡಿ ಡಬ್ಬಿಯನ್ನು ಅವರೇ ತೊಳೆದು ಮಾತ್ರೆ ಡಬ್ಬಿ ಮಾಡಿಕೊಂಡಿದ್ದರು. ಭಾನುವಾರ ಭಾನುವಾರ ಸೊಸೆ ಅದನ್ನು ತುಂಬಿಸಿಡಬೇಕು. ಹದಿನಾಲ್ಕು ವರ್ಷದ ಸಂಬಂಧದಲ್ಲಿ ಅವರಿಬ್ಬರ ನಡುವೆ ನಡೆದ ಮಾತುಕತೆಯನ್ನು ಒಟ್ಟು ಮಾಡಿದರೆ ‘ಮಾವ, ಮಾತ್ರೆ’ ಮತ್ತು ‘ಹೂಂ’ ಇವೆರಡೇ ಮುಕ್ಕಾಲು ಪಾಲು. ಜಗಳವೇನೂ ಇರಲಿಲ್ಲ. ಇಬ್ಬರೂ ಸಂಕೋಚದವರು, ಅಷ್ಟೇ.

ಸೊಸೆಯ ಸ್ಟುಡಿಯೋ ಒಂದು ಚಪ್ಪಲಿ ಗೋದಾಮಿನ ಮಹಡಿಯ ಮೇಲಿತ್ತು. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಒಂದು ಗೂಡು, ಅದರಾಚೆ ಗಾಜು, ಗಾಜಿನಾಚೆ ಜಾಹೀರಾತು ಬರೆಸುವ ಯಜಮಾನ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇರುತ್ತಿತ್ತು. ಎಲ್ಲರಿಗೂ ಅವನು ‘ಇನ್ನೊಂದ್ಸಲ’. ಹನ್ನೆರಡು ಸಲ ಹೇಳಿಸದೆ ಯಾವ ವಾಕ್ಯವನ್ನೂ ಅವನು ಬಿಟ್ಟವನಲ್ಲ.

ಒಂದು ದಿನ ಬೇರಿನ ಪುಡಿಯೊಂದರ ಜಾಹೀರಾತು ಬಂತು. ಸಕ್ಕರೆ ಕಾಯಿಲೆಯವರಿಗೆ. ಸೊಸೆ ಓದಿದಳು: ‘ನಮ್ಮ ಮಾವ ಈಗ ಆರೋಗ್ಯವಾಗಿದ್ದಾರೆ. ನೀವೂ ಬಳಸಿ.’

ಇನ್ನೊಂದ್ಸಲ ತಲೆಯಾಡಿಸಿದ. “ಇದನ್ನ ಕೇಳಿ ಯಾರಮ್ಮ ಎದ್ದು ಅಂಗಡಿಗೆ ಹೋಗ್ತಾರೆ? ಬಳಸಿ ಅಂದ್ರೆ ಯಾರೂ ಬಳಸಲ್ಲ.”

“ಹಾಗಾದ್ರೆ ‘ವಾಸಿಯಾಯ್ತು’ ಅನ್ಲಾ?”

“ಅನ್ನೋ ಹಾಗಿಲ್ಲ, ಕಾನೂನು. ‘ಮಾತ್ರೆ ಬಿಡಿ’ ಅನ್ನೋ ಹಾಗಿಲ್ಲ, ಅದಕ್ಕೂ ಕಾನೂನಿದೆ. ಆದ್ರೆ ಕೇಳಿದವರು ತಾವೇ ಅಂದ್ಕೊಂಡ್ರೆ ಅದಕ್ಕೆ ಕಾನೂನಿಲ್ಲ. ನಾವು ಬಾಗಿಲನ್ನ ಅರ್ಧ ತೆಗೆದಿಟ್ಟು ಸುಮ್ನಿರಬೇಕು. ಒಳಗೆ ಅವರೇ ಬರ್ತಾರೆ. ನಿಮ್ಮನೇಲಿ ಸಕ್ಕರೆ ಕಾಯಿಲೆಯವರು ಇದ್ದಾರಾ?”

“ನಮ್ಮ ಮಾವನಿಗೇ ಇದೆ.”

“ಸರಿ ಹೋಯ್ತು. ಅವರನ್ನೇ ಕಣ್ಣ ಮುಂದೆ ಇಟ್ಕೊಂಡು ಏನಾದ್ರೂ ಹೇಳಿ ನೋಡೋಣ.”

ಸೊಸೆ ಕಣ್ಣು ಮುಚ್ಚಿದಳು. ಮಿಷನ್ನಿನ ಮೇಲೆ ಬಾಗಿದ ಬೆನ್ನು ಕಂಡಿತು, ಪಕ್ಕದಲ್ಲಿ ಆ ಡಬ್ಬಿ. ಅವಳ ಬಾಯಿಂದ ತಾನಾಗಿ ಬಂತು: “ಮೊದ್ಲು ನಮ್ಮ ಮಾವ ಡಬ್ಬಿ ತುಂಬ ಮಾತ್ರೆ ಇಟ್ಕೊಂಡಿರ್ತಿದ್ರು. ಈಗ ಅದೇ ಡಬ್ಬಿಲಿ ಗುಂಡಿ ಇಟ್ಕೊಂಡು ಹೊಲೀತಾ ಕೂತಿದ್ದಾರೆ.” ಆಮೇಲೆ ಸಣ್ಣಗೆ ನಕ್ಕು, ಪಕ್ಕದ ಕೋಣೆಗೆ ಕೇಳುವಷ್ಟು ದನಿಯಲ್ಲಿ ಸೇರಿಸಿದಳು: “ಸಾಕು, ಏಳಿ ಮಾವ. ಕಣ್ಣು ನೋಯುತ್ತೆ.”

ಅವಳ ಒಂಬತ್ತು ವರ್ಷದ ಚಾಕರಿಯಲ್ಲಿ ಮೊದಲ ಬಾರಿಗೆ ಗಾಜಿನಾಚೆಯವನು ಇನ್ನೊಂದು ಸಲ ಎನ್ನಲಿಲ್ಲ. ಆವತ್ತು ಅವಳು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರ ಹಾಗೆ ಖುಷಿಯಾಗಿ ಮನೆಗೆ ಬಂದಳು.

ಜಾಹೀರಾತು ಬಂದ ಬೆಳಿಗ್ಗೆ ಮಾವ ಕಾಲರು ಹಚ್ಚುತ್ತಿದ್ದರು. ರೇಡಿಯೋ ಕಪಾಟಿನ ಮೇಲೆ ತನ್ನಷ್ಟಕ್ಕೆ ಹಾಡುತ್ತಿತ್ತು. ‘ಸಾಕು, ಏಳಿ ಮಾವ’ ಎಂದದ್ದೇ ಪೆಡಲ್ ನಿಂತಿತು. ಒಳಗೆ ಬ್ರೆಡ್ ಕಾಯಿಸುತ್ತಿದ್ದ ಸೊಸೆಗೆ ಅದು ಕೇಳಿಸಿತು. ನಾಚಿಕೆಯಾಗಿ ಒಲೆಯ ಉರಿಯನ್ನು ಸುಮ್ಮನೆ ಏರಿಸಿ ಇಳಿಸಿದಳು. ಮಾವ ಒಳಗೆ ಬಂದರು, ತಟ್ಟೆ ಮುಂದೆ ಕೂತರು.

“ಅದು ನೀನೇ ಅಲ್ವಾ?”

“ಹೂಂ, ಮಾವ.”

“ಚೆನ್ನಾಗಿತ್ತು,” ಎಂದರು. ಬ್ರೆಡ್ ಮುರಿದುಕೊಂಡು, “ಗುಂಡಿ ವಿಷಯ ಚೆನ್ನಾಗಿತ್ತು,” ಎಂದರು.

ಅವರು ಅಷ್ಟು ಮಾತಾಡಿದ್ದೇ ಹೆಚ್ಚು. ಮಗ ಚಹಾ ಹೀರುತ್ತಾ, “ನೋಡಪ್ಪ, ನಿನ್ನನ್ನ ಊರಿಗೇ ಪರಿಚಯ ಮಾಡಿಬಿಟ್ಲು. ಇನ್ನು ಲಂಗ ಹೊಲಿಸೋಕೆ ಬಂದವರೆಲ್ಲ ನಿನ್ನ ಸಕ್ಕರೆ ಎಷ್ಟು ಅಂತ ಕೇಳ್ತಾರೆ,” ಎಂದು ನಕ್ಕ. ಸೊಸೆಯ ಹನ್ನೆರಡು ವರ್ಷದ ಮಗಳೂ ನಕ್ಕಳು. ಒಟ್ಟಿನಲ್ಲಿ ಆವತ್ತು ಮನೆಯಲ್ಲಿ ನಾಲ್ಕೂ ಜನ ಒಟ್ಟಿಗೆ ನಕ್ಕ ದಿನ.

ದಿನಕ್ಕೆ ಎಂಟು ಸಲ ಅದು ಬರುತ್ತಿತ್ತು. ಮಾವ ಅದು ಬರುವ ಹೊತ್ತನ್ನು ಗುರುತು ಮಾಡಿಕೊಂಡರು. ಬಂದ ಗಿರಾಕಿಗಳನ್ನು, ‘ಒಂದು ನಿಮಿಷ ಕೂತಿರಿ’ ಎಂದು ಕೂರಿಸಿ ಕೇಳಿಸುತ್ತಿದ್ದರು. ಮುಗಿದ ಮೇಲೆ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾ, “ನಮ್ಮ ಸೊಸೆ,” ಎನ್ನುತ್ತಿದ್ದರು. ಬಂದವರು ಪುಡಿಯ ಬಗ್ಗೆ ಕೇಳಿದರೆ ಮಾತ್ರ ಏನೂ ಹೇಳದೆ ಮುಗುಳ್ನಗುತ್ತಿದ್ದರು. ಆ ನಗು ಸೊಸೆಗೆ ಆಗ ಅರ್ಥವಾಗಲಿಲ್ಲ.

ಅರ್ಥವಾಗಿದ್ದು ನಾಲ್ಕನೇ ವಾರ. ಮಗಳಿಗೆ ಜ್ವರ ಬಂದು, ಸ್ಟುಡಿಯೋದಲ್ಲಿ ಕೆಲಸ ಜಾಸ್ತಿಯಾಗಿ, ಸೊಸೆ ಎರಡು ಭಾನುವಾರ ಡಬ್ಬಿಯ ಕಡೆ ನೋಡಿರಲಿಲ್ಲ. ‘ನಾನೇ ತುಂಬ್ಕೋತೀನಿ ಬಿಡು’ ಎಂದಿದ್ದರು ಮಾವ. ಮೂರನೇ ಭಾನುವಾರ ತೆಗೆದು ನೋಡಿದರೆ ಹದಿನಾಲ್ಕು ಮನೆಗಳಲ್ಲೂ ಗುಂಡಿ. ಬಿಳಿಯದು, ನೀಲಿಯದು, ನಾಲ್ಕು ತೂತಿನದು, ಎರಡು ತೂತಿನದು, ಬಣ್ಣ ನೋಡಿ ನೋಡಿ ಜೋಡಿಸಿಟ್ಟಿದ್ದರು. ಪುಡಿಯ ಎರಡು ಡಬ್ಬ ದಾರದ ಉಂಡೆಗಳ ಹಿಂದೆ ಸಿಕ್ಕವು, ಒಂದು ಖಾಲಿಯಾಗಿತ್ತು. ಮಾತ್ರೆಗಳು ಔಷಧಿ ಅಂಗಡಿಯ ಚೀಲದಲ್ಲಿ ಕಟ್ಟು ಬಿಚ್ಚದೆ ಬಿದ್ದಿದ್ದವು.

ಅವಳು ಡಬ್ಬಿಯನ್ನು ಊಟದ ಮೇಜಿನ ಮೇಲೆ ತಂದಿಟ್ಟಳು. ಮಾವ ಬೇಳೆ ಕಲಸಿಕೊಳ್ಳುತ್ತಿದ್ದರು.

“ಇದೇನು ಮಾವ?”

“ಯಾಕೆ, ನೀನೇ ಹೇಳಿದ್ದಲ್ವಾ.”

“ನಾನು ಹೇಳಿದ್ದು ರೇಡಿಯೋದಲ್ಲಿ.”

“ಮತ್ತೆ ಇನ್ನೆಲ್ಲಿ ಹೇಳ್ತೀಯ? ಮನೇಲಿ ನೀನು ಬಾಯಿ ಬಿಡಲ್ಲ.” ಅವರ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದ ಭಾವವೇ ಇರಲಿಲ್ಲ, ಬದಲಿಗೆ ಹೇಳಿದ ಕೆಲಸ ಮಾಡಿ ಮುಗಿಸಿದವರ ಸಮಾಧಾನ ಇತ್ತು. “ಮೊದಲು ನನಗೂ ತಿಳೀಲಿಲ್ಲ. ನಾನು ಮಾತ್ರೆ ತಗೋತಾ ಇದ್ದೀನಿ, ಇವಳು ಇಲ್ಲ ಅಂತಾಳಲ್ಲ ಅಂತ. ಆಮೇಲೆ ಯೋಚನೆ ಮಾಡಿದೆ. ಹಿಂಗಾಗಲಿ ಅಂತ ನಿನಗೆ ಆಸೆ. ಎದುರಿಗೆ ಹೇಳೋಕೆ ಸಂಕೋಚ. ಅಲ್ಲಿ ಹೇಳಿದೀಯ.”

“ಅಪ್ಪ, ನಿಂಗೆ ತಲೆ ಕೆಟ್ಟಿದ್ಯಾ?” ಮಗ ಎದ್ದುನಿಂತ. “ಅದು ಜಾಹೀರಾತು. ಅವಳು ಸಿಮೆಂಟು ಗಟ್ಟಿ ಅಂತಲೂ ಹೇಳ್ತಾಳೆ, ಅದನ್ನೂ ತಿಂತೀಯಾ?”

“ಸಿಮೆಂಟಿನದು ಕೇಳಿದೀನಿ. ಅದರಲ್ಲಿ ಅವಳಿಗೆ ಮನಸ್ಸಿಲ್ಲ, ಗೊತ್ತಾಗುತ್ತೆ. ಇದರಲ್ಲಿ ಇದೆ.”

ಸೊಸೆ ಡಬ್ಬಿಯ ಮುಚ್ಚಳ ಮುಚ್ಚಿದಳು. ಮಾವ ಅಂದದ್ದು ನಿಜ. ಮನಸ್ಸಿಟ್ಟಿದ್ದು ಹೌದು, ಅದಕ್ಕೇ ಇನ್ನೊಂದು ಸಲ ಹೇಳಿಸಿರಲಿಲ್ಲ.

ಮರುದಿನ ಗಂಡ ಕೆಲಸಕ್ಕೆ ರಜೆ ಹಾಕಿ ಅಪ್ಪನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದ. ಸಕ್ಕರೆ ಹೆದರಿಸುವಷ್ಟು ಏರಿತ್ತು. ಡಾಕ್ಟರಮ್ಮ ಬೈದಳು, ಅಂಗಾಲಿಗೆ ಹತ್ತಿಯ ಎಳೆ ಸವರಿ ತಿಳಿಯುತ್ತಾ ಎಂದು ಕೇಳಿದಳು. ತಿಳಿಯಲಿಲ್ಲ. “ಚಪ್ಪಲಿ ಇಲ್ದೆ ಒಂದು ಹೆಜ್ಜೆ ಇಡಬೇಡಿ. ಮಾತ್ರೆ ಇವತ್ತಿನಿಂದಲೇ,” ಎಂದಳು. ಮಾವ ಹೂಂ ಹೂಂ ಎಂದು ಬಂದರು. ಸೊಸೆ ಮಾತ್ರೆಯನ್ನು ಅಂಗೈಯಲ್ಲಿಟ್ಟು ಎದುರಿಗೇ ನಿಂತಳು, ನುಂಗಿದರು. ಮೂರನೇ ದಿನ ಮೊಮ್ಮಗಳು ಮಿಷನ್ನಿನ ಎಣ್ಣೆ ತಟ್ಟೆಯಲ್ಲಿ ಐದು ಮಾತ್ರೆ ಕಂಡಳು. ಕೆನ್ನೆಯೊಳಗೆ ಇಟ್ಟುಕೊಂಡು ಆಮೇಲೆ ಉಗಿಯುತ್ತಿದ್ದರು. ಗುಂಡುಸೂಜಿ ಕಚ್ಚಿಕೊಂಡೇ ನಲವತ್ತೈದು ವರ್ಷ ಮಾತಾಡಿದ ಬಾಯಿ ಅದು, ಮಾತ್ರೆ ಅಡಗಿಸುವುದು ಅದಕ್ಕೆ ಯಾವ ದೊಡ್ಡ ಕೆಲಸ.

ಸೊಸೆ ಸ್ಟುಡಿಯೋಕ್ಕೆ ಹೋಗಿ ಜಾಹೀರಾತು ನಿಲ್ಲಿಸಿ ಎಂದು ಕೇಳಿದಳು.

ಇನ್ನೊಂದ್ಸಲ ಅವಳನ್ನು ಕೂರಿಸಿ ನೀರು ಕೊಟ್ಟ. ಕೆಟ್ಟವನೇನಲ್ಲ, ಅವನ ತಾಯಿಗೂ ಅದೇ ಕಾಯಿಲೆ, ಅವಳು ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದಳು. “ನಿಲ್ಲಿಸೋದು ನನ್ನ ಕೈಲಿಲ್ಲಮ್ಮ. ಪುಡಿ ಅಂಗಡೀಲಿ ನಿಲ್ತಿಲ್ಲ. ನೀವು ಒಪ್ಪದಿದ್ರೆ ಅದೇ ಮಾತನ್ನ ಬೇರೆಯವರ ಹತ್ರ ಹೇಳಿಸ್ತಾರೆ.”

“ಹಾಗೇ ಮಾಡಿ. ನಮ್ಮ ಮಾವನಿಗೆ ಬೇರೆ ದನಿ ಕೇಳಿದ್ರೆ ಸಾಕು.”

“ಬೇರೆ ದನಿ ಬಂದ್ರೆ ಇವಳ್ಯಾರೋ ನಮ್ಮ ಸೊಸೆ ಮಾತು ಕದ್ದಿದ್ದಾಳೆ ಅಂತಾರೆ. ಮೂಲ ನೀವೇ ಅಂತ ಇನ್ನೂ ಗಟ್ಟಿ ನಂಬ್ತಾರೆ.” ಅವನು ಕೈ ಚೆಲ್ಲಿದ. “ಬೇರೆ ಮನೆಯವರ ಬಗ್ಗೆ ಯೋಚಿಸಿದೀರಾ? ಮಾತ್ರೆ ಬಿಡಬೇಡಿ ಅಂತ ಅವರಿಗೆ ಹೇಳೋಕೆ ಅಲ್ಲಿ ನೀವೂ ಇಲ್ಲ.”

ಅದನ್ನು ಅವಳು ಯೋಚಿಸಿರಲಿಲ್ಲ. ಮನೆಯವರೆಗೂ ಅದನ್ನೇ ಯೋಚಿಸುತ್ತಾ ಬಂದಳು. ಕ್ಷೌರದಂಗಡಿಯ ಮುಂದೆ ಕೂತ ನಾಲ್ಕು ಜನ ಮುದುಕರಲ್ಲಿ ಯಾರ ಮನೆಯಲ್ಲಿ ಪುಡಿ ಇದೆಯೋ ಎಂದು ಎಣಿಸಿ ನೋಡಿದಳು.

ಆ ವಾರ ಮಗಳ ಶಾಲೆಯಲ್ಲಿ ಒಂದು ಪಾಠ ಇತ್ತು: ಜಾಹೀರಾತುಗಳು ಮನವೊಲಿಸುವ ಬಗೆಗಳು. ಉದಾಹರಣೆ ಹುಡುಕಿ ಬರೆಯಿರಿ ಎಂದು ಮೇಷ್ಟ್ರು ಕೊಟ್ಟಿದ್ದರು. ಮಗಳಿಗೆ ಮನೆಯೇ ಉದಾಹರಣೆ. ಸೊಸೆ ಕೂಡ, ಮೊಮ್ಮಗಳ ಬಾಯಲ್ಲಾದರೂ ಕೇಳಲಿ ಎಂದು, “ತಾತನಿಗೆ ಓದಿ ಹೇಳು ಹೋಗು,” ಎಂದು ಕಳಿಸಿ ಬಾಗಿಲ ಹಿಂದೆ ನಿಂತಳು.

“ಒಂದನೇದು, ಹೆದರಿಸುವುದು,” ಎಂದು ಮಗಳು ಓದಿದಳು.

“ಹಲ್ಲಿನ ಪೇಸ್ಟಿನವರು,” ಎಂದರು ಮಾವ, ದಾರ ಪೋಣಿಸುತ್ತಾ.

“ಎರಡು, ಎಲ್ಲರೂ ಕೊಳ್ಳುತ್ತಿದ್ದಾರೆ ಎನ್ನುವುದು.”

“ಮೊಬೈಲಿನವರು.”

“ಮೂರು, ಇವತ್ತೇ ಕೊನೆ ಎಂದು ಅವಸರ ಮಾಡಿಸುವುದು.”

“ಬಟ್ಟೆ ಅಂಗಡಿಯವರು. ಆಚೆ ಬೀದಿಯ ರೆಡಿಮೇಡ್ ಅಂಗಡಿಯವನಿಗೆ ವರ್ಷವೆಲ್ಲಾ ಇವತ್ತೇ ಕೊನೆ. ಮುಂದೆ ಓದು.”

“ನಾಲ್ಕು, ನಮ್ಮಂಥ ಸಾಮಾನ್ಯರೊಬ್ಬರ ಬಾಯಿಂದ ಹೇಳಿಸುವುದು. ನಮ್ಮಂಥವರು ಹೇಳಿದರೆ ನಮಗೆ ನಂಬಿಕೆ ಬರುತ್ತದೆ.” ಮಗಳು ಪುಸ್ತಕ ಕೆಳಗಿಟ್ಟಳು. “ತಾತ, ಅಮ್ಮಂದು ಇದು. ನಾಲ್ಕನೇದು.”

ಮಾವ ದಾರವನ್ನು ಹಲ್ಲಿನಲ್ಲಿ ಕಡಿದರು. “ಅಲ್ಲ ಕಣೆ. ಅವರು ನಮ್ಮಂಥವರು. ಇವಳು ನಮ್ಮವಳು. ಅದು ನಿಮ್ಮ ಪುಸ್ತಕದಲ್ಲಿ ಬರಲ್ಲ.”

ಮಗಳಿಗೆ ಆ ಪಾಠದಲ್ಲಿ ಹತ್ತಕ್ಕೆ ಹತ್ತು ಬಂತು.

ಇನ್ನು ಉಳಿದದ್ದು ಒಂದೇ ದಾರಿ ಎಂದು ಸೊಸೆಗೆ ಅನ್ನಿಸಿತು. ಮಾವ ಪುಡಿಯನ್ನು ನಂಬುತ್ತಿರಲಿಲ್ಲ, ಅವಳ ಅಕ್ಕರೆಯನ್ನು ನಂಬಿದ್ದರು. ಅದನ್ನು ಕಿತ್ತರೆ ಪುಡಿ ತಾನಾಗಿ ಹೋಗುತ್ತದೆ. ಒಂದು ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋಗಿದ್ದಾಗ, ಮಗಳು ಶಾಲೆಯಲ್ಲಿದ್ದಾಗ, ಅವಳು ಮಿಷನ್ನಿನ ಮುಂದೆ ಬಂದು ನಿಂತಳು. ಮಾವ ಬಿಳಿ ಸಮವಸ್ತ್ರಕ್ಕೆ ಅಂಚು ಹಾಕುತ್ತಿದ್ದರು.

“ಮಾವ, ನಾನೊಂದು ಹೇಳ್ತೀನಿ, ಕೇಳಿ. ಆ ಮಾತು ನಾನು ಸಂಬಳಕ್ಕೆ ಹೇಳಿದ್ದು. ಅದರಲ್ಲಿ ನಿಮ್ಮ ಮೇಲೆ ಅಕ್ಕರೆ ಗಿಕ್ಕರೆ ಏನೂ ಇರಲಿಲ್ಲ. ಗುಂಡಿ ಅಂದ್ರೆ ಚೆನ್ನಾಗಿರುತ್ತೆ ಅಂತ ಅಂದೆ. ಬೇರೆ ಯಾರ ಮಾವ ಇದ್ರೂ ಅದೇ ಅಂತಿದ್ದೆ.”

ಪೆಡಲ್ ನಿಲ್ಲಲಿಲ್ಲ. “ಹೂಂ.”

“ಹದಿನಾಲ್ಕು ವರ್ಷ ಅಡುಗೆ ಮಾಡಿ ಹಾಕಿದ್ದು ಮನೆಗೆ ಬಂದ ಸೊಸೆ ಅಂತ. ಇಷ್ಟ ಪಟ್ಟು ಅಲ್ಲ. ನಿಮ್ಮ ಕೆಮ್ಮು ಕೇಳಿದ್ರೆ ನನಗೆ ರೇಗುತ್ತೆ. ಅದು ನಿಜ. ರೇಡಿಯೋದಲ್ಲಿ ಬಂದಿದ್ದು ಸುಳ್ಳು.”

ಮಾವ ಅಂಚಿನ ಕೊನೆಯವರೆಗೂ ಹೊಲಿದು, ಬಟ್ಟೆ ತೆಗೆದು, ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ನಕ್ಕರು.

“ಸಿಟ್ಟಲ್ಲಿ ಎಲ್ಲರೂ ಹಂಗೇ ಅನ್ನೋದು. ನಿಮ್ಮತ್ತೆಯೂ ಅಂತಿದ್ಲು. ಹೋಗು, ಚಹಾ ಇಡು.”

ಅವಳು ಹೋಗಿ ಚಹಾ ಇಟ್ಟಳು.

ಹೊಲಿಗೆಯವರ ಮನೆಯಲ್ಲಿ ನೆಲದ ಮೇಲೆ ಗುಂಡುಸೂಜಿ ಇರುವುದು ದೊಡ್ಡ ವಿಷಯವಲ್ಲ. ಸಂಜೆ ಒಮ್ಮೆ ಆಯಸ್ಕಾಂತದ ತುಂಡನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡುವುದು ಮಗಳ ಕೆಲಸ. ಜ್ವರ ಬಂದಾಗ ಅದು ತಪ್ಪಿತ್ತು, ಆಮೇಲೆ ಪರೀಕ್ಷೆ ಎಂದು ತಪ್ಪಿತ್ತು. ಮಾವ ಚಪ್ಪಲಿ ಹಾಕಿದರೆ ಪೆಡಲ್ಲಿನ ಹದ ಸಿಗುವುದಿಲ್ಲ ಎಂದು ಬರಿಗಾಲಲ್ಲೇ ತುಳಿಯುತ್ತಿದ್ದರು. ಎಷ್ಟು ದಿನದಿಂದ ಆ ಸೂಜಿ ಅವರ ಹೆಬ್ಬೆರಳಿನ ಬುಡದಲ್ಲಿ ಕೂತಿತ್ತೋ ದೇವರೇ ಬಲ್ಲ. ಗೊತ್ತಾಗಿದ್ದು ವಾಸನೆಯಿಂದ. ಮಗಳು ಮೂಗು ಮುಚ್ಚಿಕೊಂಡು, “ತಾತ, ಇಲಿ ಸತ್ತಿದೆ,” ಎಂದು ಮಿಷನ್ನಿನ ಕೆಳಗೆ ಬಗ್ಗಿದಳು. ಪೆಡಲ್ಲಿನ ಕಬ್ಬಿಣದ ಮೇಲೆ ಕೀವು ಒಣಗಿತ್ತು. ಬೆರಳು ಕಪ್ಪಾಗಿತ್ತು.

“ನೋವಿಲ್ಲ ಕಣೆ,” ಎಂದರು ಮಾವ, “ಪುಡಿಗೆ ನೋವೆಲ್ಲ ಹೋಗಿದೆ.”

ಆಸ್ಪತ್ರೆಯ ಶಸ್ತ್ರವೈದ್ಯ ಮಗ ಸೊಸೆ ಇಬ್ಬರನ್ನೂ ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಹೇಳಿದ. ಕೊಳೆತ ಮೇಲಕ್ಕೆ ಹತ್ತಿದೆ. ಮೊಣಕಾಲಿನ ಕೆಳಗಿಂದ ತೆಗೆಯಬೇಕು. ಸಂಜೆಯೊಳಗೆ ಆಗದಿದ್ದರೆ ಕಾಲಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. “ಅವರು ಸಹಿ ಹಾಕ್ತಿಲ್ಲ. ಒಂದು ಬೆರಳಿಗೂ ಕತ್ತರಿ ಹಾಕಿಸಲ್ಲ ಅಂತಿದ್ದಾರೆ. ಎಷ್ಟು ತೆಗೀಬೇಕು ಅನ್ನೋದನ್ನ ನಾನು ಹೇಳೋಕೆ ಹೊರಟರೆ ಕಿವಿ ಮುಚ್ಕೋತಾರೆ. ನೀವೇ ಒಪ್ಪಿಸಿ.”

ಗಂಡ ಒಳಗೆ ಹೋದ. ಬೈದ, ಅತ್ತ, ಕಾಲು ಹಿಡಿದ. ಹೊರಗೆ ಬಂದು ಬೆಂಚಿನ ಮೇಲೆ ಕುಸಿದ. “ನನ್ನ ಕೈಲಾಗಲ್ಲ. ಮಿಷನ್ ತುಳಿಯೋ ಕಾಲು ಅಂತಾನೆ. ನೀನು ಹೋಗು.”

“ನನ್ನ ಮಾತು ಕೇಳ್ತಾರಾ?”

“ನಿನ್ನ ಮಾತು ಕೇಳಿಯೇ ಅಲ್ವಾ ಇಲ್ಲಿಗೆ ಬಂದಿದ್ದು,” ಎಂದ ಗಂಡ. ಅಂದ ಮೇಲೆ ಅವನಿಗೇ ಬೇಸರವಾಗಿ ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಂಡು ಒಳಗೆ ಹೋದಳು.

ಮಾವ ಗೋಡೆ ಕಡೆ ತಿರುಗಿ ಮಲಗಿದ್ದರು. ಸೊಸೆ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ಒಂದು ಉಸಿರು ತೆಗೆದುಕೊಂಡಳು. ತುಟಿಯಲ್ಲಿ ಅರ್ಧ ನಗು ತಂದುಕೊಂಡಳು. ನಗು ಕಾಣದಿದ್ದರೂ ದನಿಯಲ್ಲಿ ಕೇಳುತ್ತದೆ ಎಂದು ಒಂಬತ್ತು ವರ್ಷದಿಂದ ಕಲಿತಿದ್ದಳು.

“ಮಾವ.”

ಅವರು ತಿರುಗಿದರು. ಆ ದನಿಯಲ್ಲಿ ಅವಳು ಅವರನ್ನು ಎದುರಿಗೆ ಕರೆದದ್ದು ಅದೇ ಮೊದಲು.

“ಸಾಕು ಮಾವ. ಎಷ್ಟು ದಿನ ಹಿಂಗೆ ಒದ್ದಾಡ್ತೀರ. ಮನೆಗೆ ಹೋಗೋಣ.”

“ಎಷ್ಟು ತೆಗೀತಾರೆ?”

“ಕೊಳೆತಿರೋದಷ್ಟೇ, ಮಾವ.”

“ಬೆರಳು?”

ಅವಳು ಅವರ ಹಣೆಯ ಮೇಲಿನ ಕೂದಲು ಸರಿಪಡಿಸಿದಳು. ಮಾವ ತಾವೇ ತಲೆಯಾಡಿಸಿದರು. “ಬೆರಳು ಹೋದ್ರೆ ಹೋಗ್ಲಿ. ಹಿಮ್ಮಡಿಲೂ ತುಳೀಬಹುದು. ನಮ್ಮಪ್ಪ ಹಂಗೇ ತುಳೀತಿದ್ದ. ಅಲ್ವಾ?”

“ಮನೇಲಿ ಮಿಷನ್ ನಿಮಗೋಸ್ಕರ ಕಾಯ್ತಿದೆ, ಮಾವ.”

ಅವಳು ಆಡಿದ್ದರಲ್ಲಿ ಹಿಡಿದು ಕೇಳಬಹುದಾದ ಸುಳ್ಳು ಒಂದೂ ಇರಲಿಲ್ಲ. ಮಾವ ಪೆನ್ನು ಕೇಳಿದರು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಎಲ್ಲಿ ಎಂದು ಅವಳೇ ಬೆರಳಿಟ್ಟು ತೋರಿಸಿದಳು. ಅಂಗಿಯ ಪಟ್ಟಿಗೆ ಗುರುತು ಹಾಕುವಷ್ಟು ನೇರವಾಗಿ ಅವರು ಸಹಿ ಹಾಕಿದರು. ಹಾಕಿ, “ನೀನು ಹೇಳ್ದೆ ಅಂತ,” ಎಂದರು.

ಹೊರಗೆ ಬಂದಾಗ ಗಂಡ ಎದ್ದುನಿಂತು, “ಒಪ್ಪಿದ್ನಾ? ಏನಂದೆ?” ಎಂದ. ಅವಳು ಕಾಗದ ಅವನ ಕೈಗಿಟ್ಟು ನಲ್ಲಿಯ ಹತ್ತಿರ ಹೋಗಿ ಬಾಯಿ ತೊಳೆದಳು. ಎಷ್ಟು ತೊಳೆದರೂ ಸಮಾಧಾನವಾಗಲಿಲ್ಲ. ಸಂಜೆಯೊಳಗೆ ಕಾಲು ತೆಗೆದರು. ಜೀವ ಉಳಿಯಿತು, ಅದಕ್ಕಾಗಿ ದೇವರಿಗೆ ಕೈ ಮುಗಿಯಬೇಕು ಎಂದು ಎಲ್ಲರೂ ಹೇಳಿದರು. ಮುಗಿದಳು ಕೂಡ.

ಮಾವ ಎಚ್ಚರವಾಗಿ ಹೊದಿಕೆ ಎತ್ತಿ ನೋಡಿಕೊಂಡಾಗ ಕೂಗಲಿಲ್ಲ. ತುಂಬಾ ಹೊತ್ತು ನೋಡಿದರು. ಹೊದಿಕೆಯ ಅಂಚನ್ನು ಬಟ್ಟೆ ಅಳೆಯುವವರ ಹಾಗೆ ಬೆರಳಿದ್ದ ಜಾಗದಿಂದ ಮೊಣಕಾಲಿನವರೆಗೂ ಎಳೆದು ಮಡಿಸಿದರು. ಆಮೇಲೆ ಸೊಸೆಯ ಕಡೆ ತಿರುಗಿ, ಏನೂ ಕೋಪವಿಲ್ಲದೆ, ಮೆತ್ತಗೆ ಹೇಳಿದರು:

“ಆವತ್ತು ಮಿಷನ್ ಮುಂದೆ ನಿಂತು ಹೇಳಿದೆಯಲ್ಲ, ಅದೇ ನಿಜ ಹಂಗಾದ್ರೆ.”

“ಅದಲ್ಲ ಮಾವ. ಅದು ಸುಳ್ಳು. ಮಾತ್ರೆ ತಗೊಳ್ಳಿ ಅಂತ ಹಂಗಂದೆ.”

“ಇರ್ಲಿ ಬಿಡು,” ಎಂದರು.

ಅವಳು ಅಲ್ಲೇ ಕೂತು ಅತ್ತಳು. ಅವಳು ಹದಿನಾಲ್ಕು ವರ್ಷದಲ್ಲಿ ಆಡಿದ ಮಾತುಗಳಲ್ಲೆಲ್ಲ ಅವರು ಕೊನೆಗೆ ಉಳಿಸಿಕೊಂಡದ್ದು ಅದೊಂದನ್ನೇ, ಅದೂ ಅವಳು ಅವರೆದುರು ಆಡಿದ ಒಂದೇ ಒಂದು ಅಪ್ಪಟ ಸುಳ್ಳನ್ನು. ಅವಳ ಅಳುವನ್ನು ಮಾವ ನೋಡಿದರು. ಒಂಬತ್ತು ವರ್ಷದಿಂದ ಅಳುವುದಕ್ಕೂ ಅವಳಿಗೆ ಸಂಬಳ ಬರುತ್ತಿತ್ತು ಎಂದು ಅವರಿಗೆ ಆಗ ನೆನಪಾಗಿರಬೇಕು. ಮುಖ ತಿರುಗಿಸಿಕೊಂಡರು.

ಮನೆಗೆ ಕರೆತಂದ ಮೇಲೆ ಮಗ ಮಿಷನ್ನಿಗೆ ಮೋಟಾರು ಕೂರಿಸಿದ. ಲಿಫ್ಟಿನವನಿಗೆ ಅದೇನು ಮಹಾ; ಒಂದು ಸಂಜೆಯಲ್ಲಿ ಮುಗಿಸಿ, ಮೊಣಕೈಯಿಂದ ಒತ್ತುವ ಹಾಗೆ ಸ್ವಿಚ್ಚಿಟ್ಟ. “ಚೆನ್ನಾಗಿ ಓಡ್ತಿದೆ ಮಾವ, ನಾನೇ ಹೊಲಿದು ನೋಡಿದೆ,” ಎಂದಳು ಸೊಸೆ. ಮಾವ ಮಿಷನ್ನಿನ ಕಡೆ ನೋಡಲಿಲ್ಲ. ಸಮವಸ್ತ್ರಗಳನ್ನು ಅವರವರು ಬಂದು ಹೊಲಿಯದ ಬಟ್ಟೆಯಾಗಿಯೇ ವಾಪಸು ಒಯ್ದರು. ರೇಡಿಯೋವನ್ನು ಮಗ ಬಿಚ್ಚಿಟ್ಟಿದ್ದ. ಮಾವ ಅದನ್ನೂ ಕೇಳಲಿಲ್ಲ.

ಸೊಸೆ ಈಗ ಮನೆಯಲ್ಲಿ ಮಾತಾಡುತ್ತಿದ್ದಳು. ಹಿಂದೆಂದೂ ಆಡದಷ್ಟು. ಇವತ್ತು ಬಿಸಿಲು ಜಾಸ್ತಿ ಮಾವ, ಪಕ್ಕದ ಮನೆಯವರು ಕೇಳ್ತಿದ್ರು ಮಾವ, ಗಾಯ ಒಣಗ್ತಿದೆ ಅಂದ್ರು ನರ್ಸು ಮಾವ. ಮಾತ್ರೆಯನ್ನು ಮಾವ ಈಗ ತಕರಾರಿಲ್ಲದೆ ನುಂಗುತ್ತಿದ್ದರು, ಯಾವುದರ ಮೇಲೂ ಆಸೆ ಇಲ್ಲದವರ ಹಾಗೆ. ಆದರೆ ಅವಳು ಏನು ಹೇಳಿದರೂ ಮೊಮ್ಮಗಳ ಕಡೆ ತಿರುಗಿ, “ಹೌದೇನೇ?” ಎನ್ನುತ್ತಿದ್ದರು. ಹುಡುಗಿ ಹೌದೆಂದರೆ ಹೂಂ. ಹುಡುಗಿ ಶಾಲೆಗೆ ಹೋಗಿದ್ದರೆ ಅವಳು ಬರುವವರೆಗೆ ಆ ವಿಷಯ ಹಾಗೇ ಇರುತ್ತಿತ್ತು.

ಕಂಪನಿಯವರು ಅದೇ ಮಾವ ಸೊಸೆಯದು ಎರಡನೇ ಜಾಹೀರಾತು ಬೇಕೆಂದರು. ಸೊಸೆ ಆಗುವುದಿಲ್ಲ ಎಂದಳು. ಯಜಮಾನನೂ ಒತ್ತಾಯ ಮಾಡಲಿಲ್ಲ. ಮರುದಿನ ಬೇರೊಬ್ಬಳು ಬಂದು ಅದೇ ನಗು ನಕ್ಕು ಹೋದಳು. ಸೊಸೆ ಪಕ್ಕದ ಗೂಡಿನಲ್ಲಿ ಸೋಪಿನ ಜಾಹೀರಾತು ಓದುತ್ತಿದ್ದಳು. ಮನೆಯಲ್ಲಿ ಈಗ ದುಡಿಯುವವರು ಇಬ್ಬರೇ, ಕೆಲಸ ಬಿಡುವ ಮಾತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಸೊಸೆ ಆಗ ತಾನೇ ಒಲೆಯಿಂದ ಇಳಿಸಿದ ಬೇಳೆಯನ್ನು ಮಾವನ ಬಟ್ಟಲಿಗೆ ಬಡಿಸಿದಳು. ಹಬೆ ಏಳುತ್ತಿತ್ತು.

“ನಿಧಾನ ಮಾವ, ಬಿಸಿ ಇದೆ,” ಎಂದಳು.

ಮಾವ ಮೊಮ್ಮಗಳು ಕೂತಿದ್ದ ಕಡೆ ನೋಡಿದರು. ಅವಳು ನೀರು ತರಲು ಒಳಗೆ ಹೋಗಿದ್ದಳು. ಕಾದರು. ಅವಳು ಬರುವುದು ತಡವಾಯಿತು. ಮಾವ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಸೊಸೆಯ ಮುಖವನ್ನೇ ನೋಡುತ್ತಾ, ಮೂರು ಬೆರಳನ್ನು ಒಳಗೆ ಅದ್ದಿದರು.